ಕತ್ತರಿಗೆ ಕುಂಕುಮ

ಸಹಕಾರ ಎಂಬ ಮಾತು ಕಿವಿಗೆ ಬಿದ್ದರೆ ನನಗೆ ಈಗಲೂ ಮೈ ಉರಿಯುತ್ತದೆ. ಎಪ್ಪತ್ತರ ದಶಕದ ಕೊನೆಯಲ್ಲಿ ಶ್ರೀನಿವಾಸಪುರ ತಾಲ್ಲೂಕಿನ ಒಂದು ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ನಾನು ನರ್ಸಾಗಿದ್ದೆ. ಊರಿನ ಹೆಸರು ಬೇಡ, ಅಲ್ಲಿ ನನಗೆ ಇನ್ನೂ ಬೇಕಾದವರಿದ್ದಾರೆ. ಆಗ ಕೋಲಾರದಿಂದ ಬರುತ್ತಿದ್ದ ಪ್ರತಿಯೊಂದು ಸುತ್ತೋಲೆಯಲ್ಲೂ ‘ಸ್ಥಳೀಯ ಸ್ವಯಂಸೇವಾ ಸಂಸ್ಥೆಗಳ ಸಹಕಾರದೊಂದಿಗೆ’ ಎಂಬ ಸಾಲು ತಪ್ಪದೆ ಇರುತ್ತಿತ್ತು. ಮಲೇರಿಯಾ ಮಾತ್ರೆ ಹಂಚುವುದಿರಲಿ, ಕುಡಿಯುವ ನೀರಿನ ಬಾವಿಗೆ ಪುಡಿ ಹಾಕುವುದಿರಲಿ, ಆ ಸಾಲು ಸೇರಿಸದೆ ಸರ್ಕಾರಕ್ಕೆ ಸಮಾಧಾನವಿರಲಿಲ್ಲ.

ನಮ್ಮೂರಿನಲ್ಲಿ ಸಹಕರಿಸಲು ಇದ್ದದ್ದು ಒಂದೇ ಸಂಸ್ಥೆ, ಮಹಿಳಾ ಸಮಾಜ. ದೇವಸ್ಥಾನದ ಬೀದಿಯಲ್ಲಿ ಹಂಚಿನ ಮಾಡಿನ ಒಂದು ದೊಡ್ಡ ಕೋಣೆ, ಅದರ ಹಿಂದೆ ಒಂದು ಅಡುಗೆಮನೆ. ಒಳಗೆ ಎರಡು ಹೊಲಿಗೆ ಯಂತ್ರಗಳಿದ್ದವು. ಬಡ ಹೆಂಗಸರಿಗೆ ಹೊಲಿಗೆ ಕಲಿಸಲು ಸರ್ಕಾರವೇ ಕೊಟ್ಟಿದ್ದವು. ಎರಡಕ್ಕೂ ಗಿಳಿಯ ಚಿತ್ರ ಕಸೂತಿ ಮಾಡಿದ ಬಿಳಿ ಗವಸು ಹೊದಿಸಿತ್ತು. ನಾನು ಆ ಊರಿನಲ್ಲಿದ್ದ ಆರು ವರ್ಷಗಳಲ್ಲಿ ಆ ಗವಸು ತೆಗೆದದ್ದನ್ನು ಒಮ್ಮೆಯೂ ನೋಡಲಿಲ್ಲ. ಗವಸನ್ನು ತಿಂಗಳಿಗೊಮ್ಮೆ ಒಗೆಸುತ್ತಿದ್ದರಂತೆ, ಹಾಗಾದರೆ ತೆಗೆಯುತ್ತಿದ್ದರು ಎಂದೇ ಲೆಕ್ಕ. ಶುಕ್ರವಾರ ಭಜನೆ, ಶ್ರಾವಣದಲ್ಲಿ ರಂಗೋಲಿ ಸ್ಪರ್ಧೆ, ಗಣ್ಯರು ಯಾರಾದರೂ ಬಂದರೆ ಆರತಿ. ಸಮಾಜಸೇವೆ ಎಂದರೆ ಅವರಿಗೆ ಅಷ್ಟೇ ಆಗಿತ್ತು.

ಅಧ್ಯಕ್ಷೆ ಮಾವಿನ ಮಂಡಿ ಇಟ್ಟಿದ್ದ ಮನೆತನದವರು. ದಪ್ಪ ಅಂಚಿನ ಸೀರೆ, ಮೂಗಿನ ಎರಡೂ ಕಡೆ ಬೇಸರಿ, ಮಾತು ಮಾತ್ರ ಬೆಣ್ಣೆ. ನನ್ನನ್ನು ಕಂಡರೆ ‘ನಮ್ಮ ಸಿಸ್ಟರ್’ ಎನ್ನುತ್ತಿದ್ದರು. ನಾನು ವಕ್ಕಲೇರಿ ಕಡೆಯ ರೈತರ ಮನೆಯವಳು. ರಾಗಿ ಕಳೆ ಕಿತ್ತು, ಹಿಪ್ಪುನೇರಳೆ ಸೊಪ್ಪು ಕೊಯ್ದು ಬೆಳೆದವಳಿಗೆ ಆ ಬೆಣ್ಣೆ ಅಷ್ಟು ಸುಲಭವಾಗಿ ಇಳಿಯುತ್ತಿರಲಿಲ್ಲ. ಆದರೂ ನಗುತ್ತಿದ್ದೆ. ಸರ್ಕಾರಿ ನೌಕರಿಯಲ್ಲಿ ಮೊದಲು ಕಲಿಯುವ ಕಸುಬು ಹಲ್ಲು ಕಿರಿಯುವುದು.

ಒಂದು ವರ್ಷ ಸಂಕ್ರಾಂತಿ ಕಳೆದ ಮೇಲೆ ಹೊಸ ಸುತ್ತೋಲೆ ಬಂತು. ಹಳ್ಳಿಗಳಲ್ಲಿ ಹೆರಿಗೆ ಮಾಡಿಸುವ ಸೂಲಗಿತ್ತಿಯರನ್ನು ಗುರುತಿಸಿ ತರಬೇತಿ ಕೊಡಬೇಕು, ತರಬೇತಿ ಮುಗಿದವರಿಗೆ ಒಂದೊಂದು ಪೆಟ್ಟಿಗೆ ಕೊಡಬೇಕು. ಕೊನೆಗೆ ಅದೇ ಸಾಲು, ಸಂಸ್ಥೆಗಳ ಸಹಕಾರ. ಪೆಟ್ಟಿಗೆಗಳು ಸುತ್ತೋಲೆಯ ಹಿಂದೆಯೇ ಬಂದವು. ಅಲ್ಯೂಮಿನಿಯಂ ಪೆಟ್ಟಿಗೆ, ಒಳಗೆ ಒಂದು ಕತ್ತರಿ, ಹೊಕ್ಕುಳಬಳ್ಳಿ ಕಟ್ಟುವ ದಾರ, ಹತ್ತಿ, ಸೋಪು, ಉಗುರು ಉಜ್ಜುವ ಬ್ರಷ್ಷು, ನೀರು ಕುದಿಸಲು ಒಂದು ಬಟ್ಟಲು, ನೆಲಕ್ಕೆ ಹಾಸಲು ಪ್ಲಾಸ್ಟಿಕ್ ಹಾಳೆ. ನೋಡಿ ನನಗೇ ಆಸೆಯಾಯಿತು.

ನಮ್ಮ ಆರೋಗ್ಯ ಕೇಂದ್ರದಲ್ಲಿ ಎಂಟು ಜನ ಕೂರುವಷ್ಟು ಜಾಗವಿರಲಿಲ್ಲ. ಡಾಕ್ಟರು ಸಮಾಜದ ಕೋಣೆ ಕೇಳಿದರು. ಅಧ್ಯಕ್ಷೆ ಸಂತೋಷದಿಂದ ಒಪ್ಪಿದರು. ಬರುವ ಹೆಂಗಸರಲ್ಲಿ ಹೆಚ್ಚಿನವರು ಊರಾಚೆಯ ಕಾಲೋನಿಗಳವರು ಎಂದು ತಿಳಿದ ಮೇಲೆ ಸಂತೋಷದ ಜೊತೆಗೆ ಷರತ್ತುಗಳೂ ಬಂದವು. ಅವರು ಪಕ್ಕದ ಬಾಗಿಲಿಂದ ಬರಬೇಕು. ಜಮಖಾನೆ ಬೇಡ, ಚಾಪೆ ಸಾಕು. ನಾಲ್ಕು ಗಂಟೆಗೆ ಕೋಣೆ ಬಿಟ್ಟುಕೊಡಬೇಕು, ನೆಲ ತೊಳೆಯಬೇಕಲ್ಲ. ಅಡುಗೆಮನೆ ಕಡೆಗೆ ಯಾರೂ ಹೋಗಕೂಡದು. ಇದಕ್ಕೆ ಡಾಕ್ಟರು ಕೈಮುಗಿದು “ನಿಮ್ಮ ಸಹಕಾರಕ್ಕೆ ತುಂಬಾ ಥ್ಯಾಂಕ್ಸ್ ಅಮ್ಮಾ” ಅಂದರು. ನಾನು ಪಕ್ಕದಲ್ಲೇ ನಿಂತಿದ್ದೆ.

ಎಂಟು ಜನ ಬಂದರು. ಅವರಲ್ಲಿ ಒಬ್ಬಾಕೆಯ ಮುಖ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಐವತ್ತು ದಾಟಿದ ವಯಸ್ಸು, ಬತ್ತಿದ ಮೈ, ಎಲೆಅಡಿಕೆಯಿಂದ ಕೆಂಪಾದ ಹಲ್ಲು. ಮನೆಮಾತು ತೆಲುಗು, ನನ್ನೊಂದಿಗೆ ಕನ್ನಡ, ಸಿಟ್ಟು ಬಂದರೆ ಎರಡೂ. ತನ್ನ ಹಳ್ಳಿಯಲ್ಲಿ, ಊರಿನೊಳಗೂ ಕಾಲೋನಿಯಲ್ಲೂ, ಒಂದು ತಲೆಮಾರಿನ ಮಕ್ಕಳನ್ನೆಲ್ಲ ಈಕೆಯೇ ಭೂಮಿಗೆ ಇಳಿಸಿದ್ದಳು. ಊರೊಳಗಿನವರು ಹೆರಿಗೆ ನೋವು ಬಂದಾಗ ಒಳಮನೆಗೆ ಕರೆಯುತ್ತಿದ್ದರು, ಮಗು ಅತ್ತ ಮೇಲೆ ಹೊರಗೆ ಕಳಿಸಿ ಮನೆ ತೊಳೆಯುತ್ತಿದ್ದರು. ಆಕೆ ಅದನ್ನು ದೂರಾಗಿ ಹೇಳಲಿಲ್ಲ. ನಾನು ಯಾವ ಯಾವ ಮನೆಗೆ ಹೋಗ್ತೀಯ ಅಂತ ಕೇಳಿದ್ದಕ್ಕೆ ಹೇಳಿದಳು.

ಮೂರನೆಯ ದಿನ ನಾನು ಧನುರ್ವಾಯುವಿನ ಪಾಠ ಮಾಡಿದೆ. ಹುಟ್ಟಿದಾಗ ಚೆನ್ನಾಗಿರುವ ಮಗು ಆರೇಳು ದಿನಕ್ಕೆ ಹಾಲು ಬಿಡುತ್ತದೆ, ದವಡೆ ಕಚ್ಚಿಕೊಳ್ಳುತ್ತದೆ, ಮೈ ಸೆಟೆದು ಬಾಗುತ್ತದೆ. ಅದು ದೇವರ ಕಾಟವಲ್ಲ, ಗಾಳಿ ಸೋಕಿದ್ದಲ್ಲ. ಹೊಕ್ಕುಳಬಳ್ಳಿ ಕೊಯ್ದ ಕುಡುಗೋಲಿನಲ್ಲಿ, ಗಾಯಕ್ಕೆ ಹಚ್ಚಿದ ಬೂದಿಯಲ್ಲಿ, ಅರಿಶಿನದಲ್ಲಿ, ತೊಳೆಯದ ಕೈಯಲ್ಲಿ ಇರುವ ವಿಷ. ಯಾರ ಕೈ ಆದರೂ ಸರಿ, ಏನನ್ನು ಮುಟ್ಟಿದರೂ ಅದನ್ನು ಮತ್ತೆ ಕುದಿಸಬೇಕು. ಇದನ್ನು ನಾನು ಹತ್ತು ಸಲ ಹೇಳಿಸಿದೆ. ಉಳಿದವರು ಒಪ್ಪಿಸಿದರು. ಈಕೆ ಒಪ್ಪಿಸಲಿಲ್ಲ. ಆಮೇಲೆ ಕೇಳಿದಳು, “ಕುಡುಗೋಲ್‌ನಿಂದಾನೇ ಬರ್ತೈತಾ ನರ್ಸಮ್ಮಾ? ಬ್ಯಾರೆ ಏನೂ ಇಲ್ವಾ?”

“ಕುಡುಗೋಲಿಂದಾನೇ ಅಜ್ಜಿ.”

ಆಕೆ ತನ್ನ ಎರಡೂ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ನೋಡುತ್ತ ಕೂತಳು. ಸಂಜೆ ಪಕ್ಕದ ಬಾಗಿಲಲ್ಲಿ ಚಪ್ಪಲಿ ಮೆಟ್ಟುವಾಗ ಹೇಳಿದಳು. ಸೊಸೆಗೆ ಎರಡು ಮಕ್ಕಳು ಹೋಗಿದ್ದವು. ಮೊದಲನೆಯದು ಗಡಿಯಾಚೆಯ ತವರಿನಲ್ಲಿ. ಎರಡನೆಯದಕ್ಕೆ ತವರಿನವರ ಮೇಲೆ ನಂಬಿಕೆ ಇಲ್ಲದೆ ತಾನೇ ಹೆರಿಗೆ ಮಾಡಿಸಿದ್ದಳು. ರಾಗಿ ಕೊಯ್ಯುವ ಕುಡುಗೋಲು. ಎಂಟನೆಯ ದಿನ ಅದೂ ಹೋಯಿತು. “ನನ್ ಕೈಯಿಂದ್ಲೇ ಓಯ್ತು ಅನ್ನು. ಇಷ್ಟ್ ದಿನ ದೇವರನ್ನ ಬೈಕೊಂಡಿದ್ದೆ ಕಣಮ್ಮಾ,” ಅಂದಳು. ಈಗ ಸೊಸೆಗೆ ಮತ್ತೆ ಆರು ತಿಂಗಳು.

ಆ ಸೊಸೆ ಅತ್ತೆಯ ಕೈಗೆ ಬರುವುದಿಲ್ಲ ಎಂದು ಹಟ ಹಿಡಿದಿದ್ದಳು. ಹೆರಿಗೆಗೆ ತವರಿಗೇ ಹೋಗುತ್ತೇನೆ ಅನ್ನುತ್ತಿದ್ದಳು. ಅಲ್ಲಿ ಮೊದಲ ಮಗುವನ್ನು ಕಳೆದ ಅದೇ ಮುದುಕಿ, ಅದೇ ಕುಡುಗೋಲು. ನಮ್ಮ ಆರೋಗ್ಯ ಕೇಂದ್ರಕ್ಕೆ ಕರಕೊಂಡು ಬಾ ಎಂದೆ. ಹೇಳುವಾಗ ನನಗೇ ನಾಚಿಕೆ. ಡಾಕ್ಟರು ಸಂಜೆ ಐದರ ಬಸ್ಸಿಗೆ ಕೋಲಾರಕ್ಕೆ ಹೋದರೆ ಮಾರನೆಯ ದಿನ ಹತ್ತೂವರೆಗೆ ಬರುವವರು, ಹೆರಿಗೆ ಕೋಣೆಯಲ್ಲಿ ಔಷಧದ ಖಾಲಿ ಡಬ್ಬಗಳು. ಆಕೆ ನನ್ನ ಮಾತಿಗೆ ನಕ್ಕಳು. ಆಕೆಗೆ ಬೇಕಾಗಿದ್ದದ್ದು ಪೆಟ್ಟಿಗೆ.

“ಹೊಸಾ ಬ್ಲೇಡು ಕುದಿಸಿದ್ರೂ ಆಯ್ತದೆ ಅಜ್ಜಿ, ಪೆಟ್ಟಿಗೆನೇ ಆಗಬೇಕಂತಿಲ್ಲ,” ಅಂದೆ.

“ನಂಗೆ ಆಯ್ತದೆ. ಆ ಹುಡ್ಗಿಗೆ ಆಗಲ್ಲ. ಈ ಕೈ ಅಂದ್ರೆ ಅವ್ಳಿಗೆ ಭಯ. ಸರ್ಕಾರದ ಪೆಟ್ಗೆ ತಂದು ಅವಳ ಮುಂದೆ ಇಟ್ರೆ, ನೋಡಮ್ಮಿ, ಕಲ್ತ್‌ಕೊಂಡು ಬಂದಿವ್ನಿ ಅಂದ್ರೆ, ಆಗ ನಿಲ್ತಾಳೆ.”

ತರಬೇತಿ ಮುಗಿದ ದಿನವೇ ಪೆಟ್ಟಿಗೆ ಕೊಡಬೇಕು ಎಂದು ಸುತ್ತೋಲೆಯಲ್ಲಿ ಸ್ಪಷ್ಟವಾಗಿ ಬರೆದಿತ್ತು. ಎಂಟೂ ಪೆಟ್ಟಿಗೆಗಳು ಸಮಾಜದ ಬೀರುವಿನಲ್ಲಿದ್ದವು, ಇಲಿ ಕಡಿಯದಿರಲಿ ಎಂದು ನಾನೇ ಅಲ್ಲಿಡಿಸಿದ್ದೆ. ಕೊನೆಯ ದಿನ ಬೀಗದ ಕೈ ಕೇಳಲು ಹೋದರೆ ಅಧ್ಯಕ್ಷೆ ಗಲ್ಲಕ್ಕೆ ಕೈಯಿಟ್ಟುಕೊಂಡರು. “ಹಾಗೇ ಕೊಟ್ಟು ಕಳಿಸ್ತಾರೇನಮ್ಮಾ? ನಮ್ಮ ಸಮಾಜದ ಸಹಕಾರದಲ್ಲಿ ನಡೆದ ಕಾರ್ಯಕ್ರಮ. ಸಮಾರಂಭ ಆಗಬೇಕು. ಕೋಲಾರದಿಂದ ಯಾರಾದರೂ ದೊಡ್ಡವರು ಬರಬೇಕು. ಫೋಟೋ ಬೇಡವಾ?”

ಡಾಕ್ಟರಿಗೂ ಫೋಟೋ ಬೇಕಿತ್ತು. ಬೀಗದ ಕೈ ಅಧ್ಯಕ್ಷೆಯ ಸೊಂಟದಲ್ಲೇ ಉಳಿಯಿತು. ಸರ್ಕಾರದ ಪೆಟ್ಟಿಗೆ, ಸರ್ಕಾರದ ತರಬೇತಿ, ಸರ್ಕಾರದ ನರ್ಸು. ಸಮಾಜದ್ದು ಅಂತ ಅದರಲ್ಲಿ ಇದ್ದದ್ದು ಒಂದು ಬೀಗ. ಅಷ್ಟರಿಂದಲೇ ಇಡೀ ಕಾರ್ಯಕ್ರಮ ಅವರದಾಗಿಬಿಟ್ಟಿತು.

ದೊಡ್ಡವರು ಶಿವರಾತ್ರಿಗೆ ಮೊದಲು ಬರುತ್ತೇನೆ ಎಂದರು, ಬರಲಿಲ್ಲ. ಯುಗಾದಿ ಆದಮೇಲೆ ಎಂದರು. ಆಮೇಲೆ ಒಂದು ದಿನ ಡಾಕ್ಟರು, ಅಧ್ಯಕ್ಷೆ ಇಬ್ಬರೂ ಕೂತು ಬುದ್ಧಿವಂತಿಕೆಯ ಒಂದು ತೀರ್ಮಾನಕ್ಕೆ ಬಂದರು. ಮಾವು ಬರುವವರೆಗೆ ಕಾಯೋಣ. ನಮ್ಮ ತಾಲ್ಲೂಕಿಗೆ ಬಾ ಎಂದರೆ ಬರದ ಅಧಿಕಾರಿ ಬಾದಾಮಿ, ರಸಪುರಿ ಮಾರುಕಟ್ಟೆಗೆ ಇಳಿಯುವ ಹೊತ್ತಿಗೆ ತಾನಾಗಿಯೇ ಬರುತ್ತಾನೆ ಎಂಬುದು ಅವರಿಗೆ ಅನುಭವದಿಂದ ಗೊತ್ತಿತ್ತು. ಪ್ರವಾಸದ ಪಟ್ಟಿಗಳೆಲ್ಲ ಮೇ ತಿಂಗಳಲ್ಲಿ ಶ್ರೀನಿವಾಸಪುರದ ಕಡೆಗೇ ತಿರುಗುತ್ತಿದ್ದವು.

ಆ ಮೂರು ತಿಂಗಳೂ ಆಕೆ ಸಂತೆಯ ದಿನ ತಪ್ಪದೆ ಬಂದಳು. ಬದನೆಕಾಯಿ ಬುಟ್ಟಿ ಆರೋಗ್ಯ ಕೇಂದ್ರದ ಜಗುಲಿಯ ಮೇಲಿಟ್ಟು ಕೇಳುತ್ತಿದ್ದಳು, “ಪೆಟ್ಗೆ ಬಂತಾಮ್ಮಾ?” ಪೆಟ್ಟಿಗೆ ಬಂದಿದೆ, ಇನ್ನೂರು ಹೆಜ್ಜೆ ದೂರದಲ್ಲಿ ಬೀರುವಿನೊಳಗೆ ಇದೆ ಎಂದು ಹೇಗೆ ಹೇಳುವುದು? “ಮುಂದಿನ ವಾರ ಅಜ್ಜಿ” ಅನ್ನುತ್ತಿದ್ದೆ. ಒಂದು ಸಲ ಸೊಸೆಯನ್ನೂ ಕರೆತಂದಳು. ಹದಿನೆಂಟು ಹತ್ತೊಂಬತ್ತರ ಹುಡುಗಿ, ಮುಖ ಎತ್ತಿ ನೋಡಲಿಲ್ಲ. ಧನುರ್ವಾಯುವಿನ ಒಂದು ಸೂಜಿ ಹಾಕಿದೆ. ಎರಡನೆಯದು ಹಾಕುವ ಹೊತ್ತಿಗೆ ಔಷಧವೇ ಬರಲಿಲ್ಲ. ಹುಡುಗಿ ತವರಿಗೆ ಬಟ್ಟೆ ಗಂಟು ಕಟ್ಟಿಟ್ಟಿದ್ದಾಳೆ ಎಂದು ಮುಂದಿನ ಸಂತೆಯಲ್ಲಿ ತಿಳಿಯಿತು. “ಪೆಟ್ಗೆ ತರ್ತೀನಿ ಇರಮ್ಮಿ ಅಂತ ಇಡ್ಕೊಂಡಿವ್ನಿ,” ಅಂದಳು ಆಕೆ. ಬೀಗ ಒಡೆಯುವ ಯೋಚನೆ ನನಗೆ ಬಂದಿತ್ತು. ಬಂದಷ್ಟೇ ಬೇಗ ಹೋಯಿತು.

ಅಂತೂ ಮಾವು ಬಂತು, ದೊಡ್ಡವರೂ ಬಂದರು. ಸಮಾರಂಭದ ಹಿಂದಿನ ಮಧ್ಯಾಹ್ನ ಅಧ್ಯಕ್ಷೆ ಬೀರು ತೆಗೆದುಕೊಟ್ಟರು. ನಾನು ಎಂಟು ಕತ್ತರಿಗಳನ್ನೂ ದಾರಗಳನ್ನೂ ಕುದಿಸಿ, ಒಣಗಿಸಿ, ಕುದಿಸಿದ ಬಟ್ಟೆಯಲ್ಲಿ ಒಂದೊಂದನ್ನೂ ಸುತ್ತಿ ಪೆಟ್ಟಿಗೆಗಳಲ್ಲಿಟ್ಟೆ. ಇಷ್ಟಾದರೂ ನೆಟ್ಟಗೆ ಕೊಡೋಣ ಎಂಬ ಹಂಬಲ. ಬೆಳಗ್ಗೆ ಹತ್ತು ಗಂಟೆಗೆ ಹೋಗಿ ನೋಡುತ್ತೇನೆ, ಸಮಾಜದ ಹೆಂಗಸರೆಲ್ಲ ರೇಷ್ಮೆ ಸೀರೆಯಲ್ಲಿ ಸುತ್ತ ಕೂತಿದ್ದಾರೆ. ಎಂಟೂ ಪೆಟ್ಟಿಗೆ ಬಾಯಿ ತೆರೆದಿವೆ. ಬಟ್ಟೆ ಬಿಚ್ಚಿ ಕತ್ತರಿ ಹೊರಗೆ ತೆಗೆದು, ಒಬ್ಬರು ಅರಿಶಿನ ಹಚ್ಚುತ್ತಿದ್ದಾರೆ, ಇನ್ನೊಬ್ಬರು ಕುಂಕುಮ ಇಡುತ್ತಿದ್ದಾರೆ, ಮತ್ತೊಬ್ಬರು ಹೊಕ್ಕುಳಬಳ್ಳಿ ಕಟ್ಟುವ ದಾರದಲ್ಲಿ ಪ್ರತಿ ಕತ್ತರಿಗೂ ಒಂದೊಂದು ಮಲ್ಲಿಗೆ ಮೊಗ್ಗು ಕಟ್ಟುತ್ತಿದ್ದಾರೆ.

“ಅಯ್ಯೋ, ಏನ್ರಮ್ಮಾ ಮಾಡಿದ್ರಿ!” ಅಂದೆ.

ಅಧ್ಯಕ್ಷೆ ನನ್ನ ಅಜ್ಞಾನಕ್ಕೆ ಮರುಗಿದರು. “ಕಬ್ಬಿಣದ ಸಾಮಾನನ್ನ ಬರಿದಾಗಿ ಕೊಡಬಾರದು ಸಿಸ್ಟರ್. ಅದರಲ್ಲೂ ಕತ್ತರಿ. ಅರಿಶಿನ ಕುಂಕುಮ ಇಲ್ಲದೆ ಕೊಟ್ಟರೆ ಕೊಟ್ಟೋರಿಗೂ ತಗೊಂಡೋರಿಗೂ ಸಂಬಂಧ ಕತ್ತರಿಸಿ ಹೋಗುತ್ತೆ.”

ಯಾವ ಸಂಬಂಧ ಎಂದು ನಾಲಿಗೆ ತುದಿಗೆ ಬಂತು, ನುಂಗಿಕೊಂಡೆ. ಮತ್ತೆ ಕುದಿಸಲು ಹೊತ್ತಿರಲಿಲ್ಲ, ಹೊರಗೆ ಜೀಪಿನ ಸದ್ದು ಕೇಳಿತ್ತು.

ಬಂದ ಅಧಿಕಾರಿ ಮುಕ್ಕಾಲು ಗಂಟೆ ಮಾತಾಡಿದರು. ಸರ್ಕಾರ ಮತ್ತು ಸಮಾಜ ಎತ್ತಿನ ಜೋಡಿಯಂತೆ ನೊಗ ಹೊರಬೇಕು ಎಂದರು. ಅವರು ಮಾತಾಡುತ್ತಿರುವಾಗಲೇ ಹುಲ್ಲು ಹಾಸಿದ ಎರಡು ಬುಟ್ಟಿ ಬಾದಾಮಿ ಹಣ್ಣು ಅವರ ಜೀಪಿಗೆ ಏರಿತು. ಡಾಕ್ಟರು ಅಧ್ಯಕ್ಷೆಯನ್ನು ಹೊಗಳಿದರು, ಅಧ್ಯಕ್ಷೆ ಡಾಕ್ಟರನ್ನು ಹೊಗಳಿದರು. ಎಂಟು ಜನ ಸೂಲಗಿತ್ತಿಯರು ವೇದಿಕೆಯ ಕೆಳಗೆ ಚಾಪೆಯ ಮೇಲೆ ಬೆಳಗ್ಗೆಯಿಂದ ಕೂತಿದ್ದರು. ಅವರಿಗೆ ಕಾಗದದ ಪೊಟ್ಟಣದಲ್ಲಿ ಖಾರಾಬೂಂದಿ ಕೊಟ್ಟಿದ್ದರು.

ಹಂಚುವ ಕ್ರಮವನ್ನು ಸಮಾಜದವರು ಮೊದಲೇ ಯೋಚಿಸಿದ್ದರು. ಕತ್ತರಿಯನ್ನು ಕೈಯಿಂದ ಕೈಗೆ ಕೊಡಬಾರದು ಎಂಬ ಶಾಸ್ತ್ರ ಇದೆಯಲ್ಲ, ಅದು ಅವತ್ತು ಎಲ್ಲರಿಗೂ ತುಂಬ ಅನುಕೂಲವಾಯಿತು. ಪೆಟ್ಟಿಗೆಗಳನ್ನು ಒಂದು ಬೆಂಚಿನ ಮೇಲೆ ಸಾಲಾಗಿ ಇಟ್ಟರು. ಒಬ್ಬೊಬ್ಬರೇ ಬಂದು ತಮ್ಮದನ್ನು ತಾವೇ ಎತ್ತಿಕೊಳ್ಳಬೇಕು. ಎತ್ತಿಕೊಳ್ಳುವ ಹೊತ್ತಿಗೆ ಅಧ್ಯಕ್ಷೆ ಮತ್ತು ಅಧಿಕಾರಿ ಮೊಳದ ದೂರದಿಂದ ಕೈಚಾಚಿ ಕೊಟ್ಟಂತೆ ನಿಲ್ಲುತ್ತಿದ್ದರು, ಕೋಲಾರದ ಫೋಟೋದವನು ಕ್ಲಿಕ್ಕಿಸುತ್ತಿದ್ದ. ಅಸ್ಪೃಶ್ಯತೆಗೆ ಇಷ್ಟು ನಾಜೂಕಾದ ಹೊದಿಕೆ ಹೊಲಿಯಬಲ್ಲವರು ಆ ಎರಡು ಹೊಲಿಗೆ ಯಂತ್ರಗಳನ್ನು ಸುಮ್ಮನೆ ಬಿಟ್ಟಿದ್ದರು.

ಆಕೆ ಕೊನೆಯವಳು. ಪೆಟ್ಟಿಗೆ ಎತ್ತಿಕೊಳ್ಳಲಿಲ್ಲ. ಬೆಂಚಿನ ಮೇಲೇ ಮುಚ್ಚಳ ತೆಗೆದಳು. ಮೂರು ತಿಂಗಳು ಕಾದವಳಿಗೆ ಒಳಗೆ ಎಲ್ಲ ಇದೆಯೋ ಎಂದು ನೋಡುವ ಆತುರ. ಅಧ್ಯಕ್ಷೆ ಅದನ್ನು ಆನಂದ ಎಂದುಕೊಂಡರು. ಮೈಕನ್ನು ಆಕೆಯ ಕಡೆಗೆ ಬಗ್ಗಿಸಿ ಹೇಳಿದರು, “ಹೇಳಮ್ಮಾ, ನಿನ್ನ ಸಂತೋಷ ಎರಡು ಮಾತಿನಲ್ಲಿ ಹೇಳು.”

ಆಕೆ ಮೈಕನ್ನು ನೋಡಲಿಲ್ಲ. ಗೋಡೆಯ ಪಕ್ಕ ನಿಂತಿದ್ದ ನನ್ನನ್ನು ಹುಡುಕಿದಳು.

“ನರ್ಸಮ್ಮಾ, ಇದನ್ನ ಮತ್ತೆ ಕುದಿಸ್ಬೇಕು ಅಲ್ವೇನಮ್ಮಾ? ಈ ಅಮ್ಮನೋರೆಲ್ಲಾ ಮುಟ್‌ಬುಟ್ಟವ್ರೆ.”

ಮೈಕು ಅದನ್ನು ಬಸ್‌ ಸ್ಟ್ಯಾಂಡಿನವರೆಗೆ ಮುಟ್ಟಿಸಿತು. ಆಕೆ ಮುಂದುವರಿಸಿದಳು, “ಒಲೆ ಎಲ್ಲೈತೆ? ಇಲ್ಲೇ ಒಂದ್ ಚೂರು ಕುದಿಸ್ಕೊಂಡು ಓಯ್ತೀನಿ. ಮನೇಲಿ ಹುಡ್ಗಿ ದಿನ ತುಂಬೈತೆ.”

ಕುಹಕ ಅದರಲ್ಲಿ ಎಳ್ಳಷ್ಟೂ ಇರಲಿಲ್ಲ, ಅದು ನನಗೆ ಗೊತ್ತು. ಎರಡು ಮೊಮ್ಮಕ್ಕಳನ್ನು ಕಳೆದುಕೊಂಡವಳು ಪಾಠವನ್ನು ಚಾಚೂ ತಪ್ಪದೆ ಒಪ್ಪಿಸುತ್ತಿದ್ದಳು. ಆದರೆ ಅಧ್ಯಕ್ಷೆಯ ಮುಖ ಕುಂಕುಮಕ್ಕಿಂತ ಕೆಂಪಾಯಿತು. ಅವರು ಜೀವಮಾನವೆಲ್ಲ ಬೇರೆಯವರ ಮೇಲೆ ಹೊರಿಸಿದ್ದ ಮಾತು ಇವತ್ತು ಮೈಕಿನಲ್ಲಿ ಅವರ ಮೇಲೇ ಬಂದು ಕೂತಿತ್ತು. ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಹೌದು ಎಂದು ತಲೆಯಾಡಿಸಿದೆ. ಬಾಯಿ ತೆರೆಯಲಿಲ್ಲ. ಅಷ್ಟೇ ನನ್ನ ಶೌರ್ಯ.

ಅಧಿಕಾರಿ ಮಾತ್ರ ಏನೂ ಅರ್ಥವಾಗದೆ ಚಪ್ಪಾಳೆ ತಟ್ಟಿದರು. ಅವರು ತಟ್ಟಿದ್ದರಿಂದ ಎಲ್ಲರೂ ತಟ್ಟಿದರು. ಆ ಗದ್ದಲದಲ್ಲಿ ಆಕೆ ಪೆಟ್ಟಿಗೆಯನ್ನು ಸೆರಗಿನಲ್ಲಿ ಸುತ್ತಿಕೊಂಡು ಪಕ್ಕದ ಬಾಗಿಲಿಂದ ಹೊರಟುಹೋದಳು.

ಮಾರನೆಯ ದಿನವೇ ಸಮಾಜದ ಪತ್ರ ಬಂತು. ಸದರಿ ಸೂಲಗಿತ್ತಿ ಗಣ್ಯರ ಎದುರು ಸಮಾಜದ ಮಹಿಳೆಯರನ್ನು ಅವಮಾನಿಸಿದ್ದಾಳೆ, ಆಕೆಯಿಂದ ಪೆಟ್ಟಿಗೆ ವಾಪಸು ಪಡೆದು ಯೋಗ್ಯರಿಗೆ ಕೊಡತಕ್ಕದ್ದು. ಡಾಕ್ಟರು ನನ್ನನ್ನು ಕರೆದರು.

“ಆಕೆ ಹೇಳಿದ್ದು ಪಾಠದಲ್ಲಿ ಇದ್ದದ್ದೇ ಸಾರ್. ನಾನೇ ಹೇಳಿಕೊಟ್ಟದ್ದು,” ಅಂದೆ.

“ಗೊತ್ತು ಸಿಸ್ಟರ್. ಆದರೆ ಮುಂದಿನ ತಿಂಗಳು ಕಣ್ಣಿನ ಶಿಬಿರ ಇದೆ. ಅವರ ಹಾಲ್ ಬೇಕು, ಅವರ ಮಂಡಿಯ ಲಾರಿ ಬೇಕು. ಸಹಕಾರ ಇಲ್ಲದೆ ನಡೆಯುತ್ತಾ? ಒಂದು ಪೆಟ್ಟಿಗೆ ವಿಷಯ. ತಗೊಂಡು ಬಂದುಬಿಡಿ.”

ನಾನು ಹತ್ತು ದಿನ ತಳ್ಳಿದೆ. ಒಂದು ದಿನ ಜ್ವರ, ಒಂದು ದಿನ ಬಸ್ಸು ಕೆಟ್ಟಿತ್ತು, ಒಂದು ದಿನ ಬೇರೆ ಹಳ್ಳಿಯ ಸೂಜಿ. ಹನ್ನೊಂದನೆಯ ದಿನ ಡಾಕ್ಟರು ಸಹಿ ಮಾಡಿದ ಚೀಟಿ ಕೈಗಿಟ್ಟರು. ನಾನು ಹೋದೆ. ಬಸ್ಸಿಳಿದು ಮಾವಿನ ತೋಪುಗಳ ನಡುವೆ ಎರಡು ಮೈಲಿ ನಡಿಗೆ. ಕಾಯಿ ಕೀಳುವವರು ಹಾಡಿಕೊಂಡು ಕೆಲಸ ಮಾಡುತ್ತಿದ್ದರು. ಆಕೆಗೆ ಏನು ಹೇಳಬೇಕೆಂದು ದಾರಿಯುದ್ದಕ್ಕೂ ಅಭ್ಯಾಸ ಮಾಡಿದೆ. ಹೇಳಲು ಯೋಗ್ಯವಾದ ಒಂದು ಮಾತೂ ಸಿಗಲಿಲ್ಲ.

ಕಾಲೋನಿಯ ಕೊನೆಯ ಗುಡಿಸಲ ಮುಂದೆ ಮೂರು ಕಲ್ಲಿನ ಒಲೆಯ ಮೇಲೆ ಬಟ್ಟಲು ಕುದಿಯುತ್ತಿತ್ತು. ಒಳಗೆ ಹುಡುಗಿ ನರಳುತ್ತಿದ್ದಳು. ತವರಿಗೆ ಹೋಗಿರಲಿಲ್ಲ. ಪೆಟ್ಟಿಗೆ ಹುಡುಗಿಯ ಕಣ್ಣಿಗೆ ಕಾಣುವಂತೆ ಗೋಡೆಯ ಪಕ್ಕ ಮಣೆಯ ಮೇಲಿತ್ತು. ನಾನು ಚೀಲ ಕೆಳಗಿಟ್ಟು ಒಳಕ್ಕೆ ನುಗ್ಗಿದೆ. ಸೂಲಗಿತ್ತಿ ಕೈ ಅಡ್ಡ ಹಿಡಿದಳು.

“ಕೈ ತೊಳ್ಕಮ್ಮಾ ಮೊದ್ಲು. ಬಸ್ನಾಗೆ ಬಂದಿದ್ದೀಯ.”

ನಾನು ಹೊರಗೆ ಹೋಗಿ ಮೊಣಕೈವರೆಗೆ ತೊಳೆದುಕೊಂಡೆ. ಉಗುರು ಉಜ್ಜಿಕೊಂಡೆ. ಬಂದು ತೋರಿಸಿದೆ. ಆಕೆ ನೋಡಿ ಒಪ್ಪಿದಳು. ಆಮೇಲೆ ನನಗೆ ಅಲ್ಲಿ ಕೆಲಸವೇ ಇರಲಿಲ್ಲ, ಗುಡಿಸಲ ಕತ್ತಲಲ್ಲಿ ದೀಪ ಹಿಡಿದದ್ದು ಬಿಟ್ಟರೆ. ಮಧ್ಯಾಹ್ನದ ಹೊತ್ತಿಗೆ ಹೆಣ್ಣುಮಗು ಹುಟ್ಟಿತು. ಕುದಿಸಿದ ದಾರದಿಂದ ಎರಡು ಕಡೆ ಕಟ್ಟಿ, ಕುದಿಸಿದ ಕತ್ತರಿಯಿಂದ ನಡುವೆ ಕತ್ತರಿಸಿದಳು. ನೆರೆಮನೆಯ ಮುದುಕಿ ಬೂದಿ ಹಿಡಿದುಕೊಂಡು ಬಂದಾಗ ಬಾಗಿಲಲ್ಲೇ ಬೈದು ಓಡಿಸಿದಳು. ನನ್ನ ಇಷ್ಟು ವರ್ಷದ ನೌಕರಿಯಲ್ಲಿ ಅಷ್ಟು ಶುದ್ಧವಾದ ಹೆರಿಗೆಯನ್ನು ನಾನು ಯಾವ ಆಸ್ಪತ್ರೆಯಲ್ಲೂ ಕಂಡಿಲ್ಲ.

ಸೊಸೆ ಮಗುವನ್ನು ಪಕ್ಕಕ್ಕೆ ಎಳೆದುಕೊಂಡು ಅತ್ತೆಯ ಕೈಯನ್ನು ಸ್ವಲ್ಪ ಹೊತ್ತು ಹಿಡಿದುಕೊಂಡಳು. ಆಕೆ ಕೈ ಬಿಡಿಸಿಕೊಂಡು ಹೊರಗೆ ಬಂದಳು. ಕತ್ತರಿ, ಬಟ್ಟಲು, ಬ್ರಷ್ಷು ಎಲ್ಲವನ್ನೂ ತೊಳೆದು, ಮತ್ತೆ ಕುದಿಸಿ, ಬಿಳಿ ಬಟ್ಟೆಯ ಮೇಲೆ ಆರಿಸಿ, ಒಂದೊಂದಾಗಿ ಪೆಟ್ಟಿಗೆಯಲ್ಲಿಟ್ಟಳು. ಮುಚ್ಚಳ ಹಾಕಿದಳು. ತಂದು ನನ್ನ ಚೀಲದ ಪಕ್ಕ ಇಟ್ಟಳು.

“ತಗೊಂಡ್ ಓಗಮ್ಮಾ. ನೀನ್ ಯಾಕ್ ಬಂದೆ ಅಂತ ಗೊತ್ತು. ಸಂತೇಲಿ ಎಲ್ಲಾರೂ ಆಡ್ಕೊಂತವ್ರೆ.”

“ಅಜ್ಜಿ…”

“ನಂಗೆ ಬ್ಯಾಡ ಈಗ. ಹುಡ್ಗಿಗೆ ನನ್ ಕೈ ನಂಬ್ಕೆ ಬಂತು. ಇನ್ಮೇಲೆ ಬ್ಲೇಡೇ ಸಾಕು, ಮಡ್ಕೇಲೇ ಕುದಿಸ್ತೀನಿ. ಕಲ್ತಿದ್ನ ಅವ್ರು ವಾಪಸ್ ಕೇಳಕ್ಕಾಗಲ್ಲ ಬುಡು.”

ಬೇಡ, ಇಟ್ಟುಕೋ, ಏನಾಗುತ್ತದೋ ನಾನು ನೋಡಿಕೊಳ್ಳುತ್ತೇನೆ ಎಂದು ಹೇಳಬೇಕಿತ್ತು. ಕಳೆದುಹೋಗಿದೆ ಎಂದು ಬರೆದುಕೊಡಬಹುದಿತ್ತು. ಎಮ್ಮೆ ತುಳಿಯಿತು ಎನ್ನಬಹುದಿತ್ತು. ಜ್ವರ, ಬಸ್ಸು ಎಂದು ಹತ್ತು ದಿನ ಸುಳ್ಳು ಹೇಳಿದವಳಿಗೆ ಇನ್ನೊಂದು ಸುಳ್ಳು ಹುಟ್ಟಲಿಲ್ಲ. ಆ ಸುಳ್ಳುಗಳೆಲ್ಲ ನನ್ನನ್ನು ಕಾಪಾಡಿಕೊಳ್ಳುವುದಕ್ಕೆ ಹೇಳಿದ್ದವು, ಇದು ಆಕೆಗಾಗಿ ಹೇಳಬೇಕಾದದ್ದು. ಪೆಟ್ಟಿಗೆ ಎತ್ತಿಕೊಂಡೆ. ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದೆ. ಅದು ಇನ್ನೂ ಬೆಚ್ಚಗಿತ್ತು.

ಒಂಬತ್ತು ದಿನ ಅದನ್ನು ನನ್ನ ಮನೆಯಲ್ಲೇ ಇಟ್ಟುಕೊಂಡೆ. ಮಗು ಎಂಟನೆಯ ದಿನ ದಾಟದೆ ಅದನ್ನು ಅವರಿಗೆ ಒಪ್ಪಿಸಲು ಮನಸ್ಸು ಬರಲಿಲ್ಲ. ಡಾಕ್ಟರು ಎರಡು ಸಲ ಕೇಳಿದರು. ಒಂಬತ್ತನೆಯ ದಿನ ಮತ್ತೆ ಆ ಹಳ್ಳಿಗೆ ಹೋದೆ. ಸೊಸೆ ಬಾಗಿಲಲ್ಲಿ ಕೂತು ಹಾಲು ಕುಡಿಸುತ್ತಿದ್ದಳು. ಮಗು ಗಟ್ಟಿಯಾಗಿ ಹೀರುತ್ತಿತ್ತು, ಸದ್ದು ಹೊರಗಿನವರೆಗೆ ಕೇಳುತ್ತಿತ್ತು. ಹೊಕ್ಕುಳು ಒಣಗಿ ಉದುರಿತ್ತು. ನನಗೆ ಅಳು ಬಂತು, ಅತ್ತುಬಿಟ್ಟೆ.

ಆಕೆ ನನ್ನ ಬರಿಗೈಯನ್ನೂ ಮುಖವನ್ನೂ ನೋಡಿ ಅರ್ಥ ಮಾಡಿಕೊಂಡಳು. “ಇನ್ನೂ ಕೊಟ್ಟಿಲ್ವಾ ಅವ್ರಿಗೆ? ಕೊಟ್‌ಬುಡಮ್ಮಾ. ನಿನ್ ಕೆಲ್ಸ ಓದ್ರೆ ನಿನ್ನ ಯಾರ್ ನೋಡ್ತಾರೆ?” ಅಂದಳು. ನನ್ನ ಬಗ್ಗೆ ಮರುಕಪಡುತ್ತಿದ್ದಳು. ನೀರು ಬೇಕಾ ಎಂದು ಮಾತ್ರ ಕೇಳಲಿಲ್ಲ. ಕೇಳಿದರೆ ನನಗೆ ಕಷ್ಟವಾಗುತ್ತದೆ ಎಂದು ಆಕೆಗೆ ಗೊತ್ತಿತ್ತು. ಎರಡು ಮೈಲಿ ಬಿಸಿಲಲ್ಲಿ ನಡೆದಿದ್ದೆ, ಗಂಟಲು ಒಣಗಿತ್ತು, ನಾನಾಗಿ ಕೇಳಲೂ ಇಲ್ಲ. ಅಂದರೆ ದೇವಸ್ಥಾನದ ಬೀದಿಯವರನ್ನು ಇಷ್ಟು ಹೊತ್ತು ಹೀಯಾಳಿಸಿದ ನನ್ನ ಯೋಗ್ಯತೆಯೂ ಅಷ್ಟರದ್ದೇ.

ಅದೇ ಸಂಜೆ ಪೆಟ್ಟಿಗೆಯನ್ನು ಅಧ್ಯಕ್ಷೆಯ ಮನೆಗೆ ತೆಗೆದುಕೊಂಡು ಹೋದೆ. ಅವರು ಹೊಸಿಲಿನಿಂದ ಈಚೆಗೆ ಬರಲಿಲ್ಲ. “ಅಲ್ಲೇ ಇಡಮ್ಮಾ,” ಎಂದು ಕೆಲಸದವಳನ್ನು ಕೂಗಿದರು. ಕೆಲಸದವಳು ಪೆಟ್ಟಿಗೆಯನ್ನು ಕೊಳಾಯಿಯ ಕೆಳಗೆ ಇಟ್ಟು ಹುಣಸೆಹಣ್ಣು ಹಾಕಿ ಉಜ್ಜಿದಳು. ಕತ್ತರಿಯನ್ನೂ ಉಜ್ಜಿದಳು. ಮೂರು ಸಲ ನೀರು ಸುರಿದಳು. ಅಧ್ಯಕ್ಷೆ ನಿಂತು ಉಗುರು ಬ್ರಷ್ಷಿನ ಸಂದಿಯನ್ನೂ ಬಿಡದಂತೆ ತೊಳೆಸಿದರು. ಆಮೇಲೆ ನನ್ನ ಕಡೆ ತಿರುಗಿ ಬೆಣ್ಣೆಯಂಥ ದನಿಯಲ್ಲಿ, “ನಿಮಗೆ ತೊಂದರೆ ಕೊಟ್ಟೆವು ಸಿಸ್ಟರ್, ಕೂತ್ಕೊಳ್ಳಿ,” ಎಂದರು.

ಕಾಫಿ ಬಂತು. ಕುಡಿದೆ. ಲೋಟ ಕೆಳಗಿಟ್ಟು, ಕಣ್ಣಿನ ಶಿಬಿರಕ್ಕೆ ಹಾಲ್ ಯಾವತ್ತು ಖಾಲಿ ಇರುತ್ತದೆ ಅಮ್ಮಾ ಎಂದು ಕೇಳಿದೆ.